ಹೋಲ್ಡಾನ್ ಕೇಳಿಸಿಕೊಂಡವರು

ಅವರ ಬಲಗೈ ಕಪ್ಪು. ಎಡಗೈ ಅದಕ್ಕಿಂತ ಎಷ್ಟೋ ತಿಳಿ ಬಣ್ಣ. ನಾನು ಮೊದಲ ಸಲ ರಕ್ತ ತೆಗೆಯಲು ಹೋದ ದಿನ ಎರಡೂ ತೋಳುಗಳನ್ನು ಮೇಜಿನ ಮೇಲೆ ಚಾಚಿದರು. ಬೇರೆ ಬೇರೆ ಇಬ್ಬರು ಮನುಷ್ಯರಿಂದ ಒಂದೊಂದು ಕೈ ತಂದು ಜೋಡಿಸಿದ ಹಾಗಿತ್ತು.

"ಏನಮ್ಮ ಹಂಗೆ ನೋಡ್ತೀಯ? ಮೂವತ್ತು ವರ್ಷ ಬಸ್ಸಿನ ಕಿಟಕಿ ಮೇಲೆ ಇಟ್ಟಿದ್ದ ಕೈ ಅದು. ಸಂಬಳದ ಜೊತೆ ಬಿಸಿಲು ಫ್ರೀ."

ನರ ಮಾತ್ರ ಎಡಗೈಯಲ್ಲಿ ಸಿಗುತ್ತಿತ್ತು. ಬಲಗೈಯಲ್ಲಿ ಎಷ್ಟು ತಟ್ಟಿದರೂ ಮೇಲೆ ಬರುತ್ತಿರಲಿಲ್ಲ.

ನನ್ನ ಕೆಲಸದಲ್ಲಿ ಜನ ನೆನಪಿರುವುದೇ ತೋಳಿನಿಂದ. ಬೆಳಗ್ಗೆ ಆರಕ್ಕೆ ಬಿಟಿಎಂ ಲೇಔಟಿನ ರೂಮಿನಿಂದ ಹೊರಟು, ಜಯನಗರ, ಜೆಪಿ ನಗರ, ಕೋಣನಕುಂಟೆ ಎಂದು ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆದು, ಐಸ್ ಬಾಕ್ಸಿನಲ್ಲಿಟ್ಟು ಲ್ಯಾಬಿಗೆ ಮುಟ್ಟಿಸುವವಳು ನಾನು. ಹೆಸರುಗಳು ಟ್ಯೂಬಿನ ಮೇಲಿನ ಚೀಟಿಯೊಂದಿಗೆ ಹೋಗಿಬಿಡುತ್ತವೆ. ಇವರ ಹೆಸರು ನನಗೆ ಚೆನ್ನಾಗಿ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರೇ ಹೇಳಿದ್ದರು: "ಡ್ರೈವರ್ ಹೆಸರು ಪೇಪರಲ್ಲಿ ಬಂತು ಅಂದ್ರೆ ಏನೋ ಗ್ರಹಚಾರ ಅಂತ ಅರ್ಥ. ನಂದು ಒಂದು ಸಲಾನೂ ಬರಲಿಲ್ಲ ನೋಡು, ಅಷ್ಟೇ ನನ್ನ ಸಾಧನೆ." ಆ ಸಾಧನೆ ಹಾಗೆಯೇ ಇರಲಿ.

ಕೋಣನಕುಂಟೆ ಅವರ ಸ್ವಂತ ಊರು. ಅಲ್ಲಿಗೆ ಬಂದು ಸೇರಿದವರಲ್ಲ, ಅದು ಹಳ್ಳಿಯಾಗಿದ್ದಾಗಿನಿಂದಲೂ ಅಲ್ಲೇ ಇದ್ದವರು. ಅಪ್ಪ ರಾಗಿ ಬೆಳೆದ ಜಾಗದಲ್ಲಿ ಮೂರಂತಸ್ತಿನ ಮನೆ. ಮೇಲೆರಡು ಅಂತಸ್ತು ಬಾಡಿಗೆಗೆ, ಕೆಳಗೆ ಅವರು ಮತ್ತು ಅವರ ಹೆಂಡತಿ, ನನ್ನ ಪಾಲಿಗೆ ಆಂಟಿ. ಬಾಡಿಗೆ ಬರುತ್ತಿದ್ದರೂ ರಿಟೈರ್ ಆಗುವವರೆಗೆ ಒಂದು ದಿನವೂ ಡ್ಯೂಟಿ ತಪ್ಪಿಸಿರಲಿಲ್ಲವಂತೆ. "ಮನೆ ಕಟ್ಟಿದೋನು ಮನೇಲಿ ಕೂತ್ರೆ ವಾಚ್‌ಮ್ಯಾನ್ ಆಗ್ತಾನೆ," ಎನ್ನುತ್ತಿದ್ದರು. ರಿಟೈರ್ ಆದ ಮೇಲೆ ಅವರು ಮಾಡುತ್ತಿದ್ದದ್ದು ಏನು ಗೊತ್ತೆ? ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತು, ರಸ್ತೆಯಲ್ಲಿ ಹೋಗುವ ಗುರುತು ಪರಿಚಯವಿಲ್ಲದವರಿಗೆಲ್ಲ ಕೂಗುವುದು. "ಸ್ಟ್ಯಾಂಡ್, ಸ್ಟ್ಯಾಂಡ್." "ಅಮ್ಮಾ, ವೇಲು ಚಕ್ರಕ್ಕೆ ಸಿಗತ್ತೆ, ವೇಲು." "ಲೋ ಮಗಾ, ಇಂಡಿಕೇಟರ್ ಆಫ್ ಮಾಡೋ, ಮದುವೆ ಮನೆ ಸೀರಿಯಲ್ ಲೈಟಾ ಅದು?" ಅವರು ಕೂಗಿದ್ದಕ್ಕೆ ಹೆಚ್ಚಿನವರು ತಿರುಗಿಯೂ ನೋಡದೆ ಕೈ ಎತ್ತಿ ಹೋಗುತ್ತಿದ್ದರು. ಅದೇ ಅವರಿಗೆ ಸಾಕಾಗಿತ್ತು.

ಸ್ವತಃ ಅವರು ಎರಡು ಚಕ್ರದ ಗಾಡಿ ಮುಟ್ಟಿದವರಲ್ಲ. "ಎರಡು ಚಕ್ರದ ಮೇಲೆ ನಿಂತ್ಕೊಳ್ಳೋದು ಸರ್ಕಸ್‌ನೋರ ಕೆಲಸ." ಮೊದಲ ದಿನ ನನ್ನ ಬೈಕ್ ನೋಡಿ, ಅದನ್ನು ಸುತ್ತು ಹಾಕಿ ಬಂದು ಕೇಳಿದ್ದು: "ಸ್ಕೂಟಿ ಸಿಗಲಿಲ್ವಾ?"

ನನಗೆ ರೋಷ ಬಂದಿತ್ತು. ಗದಗ ಕಡೆಯ ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ, ಅಣ್ಣನ ಬೈಕಿನ ಮೇಲೆ, ಫೋನಿನಲ್ಲಿ ವಿಡಿಯೊ ನೋಡುತ್ತಾ ನಾನೇ ಕಲಿತವಳು. ಬೆಂಗಳೂರಿಗೆ ಬಂದ ಮೇಲೆ ನೂರೈವತ್ತು ಸಿಸಿಯ ಹಳೆಯ ಬೈಕ್ ತೆಗೆದುಕೊಂಡು, ಚೈನ್ ಬಿಗಿ ಮಾಡುವುದರಿಂದ ಹಿಡಿದು ಪ್ಲಗ್ ಬದಲಿಸುವವರೆಗೆ ಎಲ್ಲವನ್ನೂ ಹಾಗೆಯೇ ಕಲಿತೆ. ತಿರುವಿನಲ್ಲಿ ಎಷ್ಟು ವಾಲಬೇಕು, ಮಳೆಯಲ್ಲಿ ಯಾವ ಬ್ರೇಕನ್ನು ಎಷ್ಟು ಒತ್ತಬೇಕು, ಟೈರಿಗೆ ಎಷ್ಟು ಗಾಳಿ ಇರಬೇಕು, ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ನಿಂತ ಬಸ್ಸೊಂದು ಹೇಗೆ ಹೊರಡುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಯಾವ ವಿಡಿಯೊದಲ್ಲೂ ಯಾರೂ ಹೇಳಿರಲಿಲ್ಲ.

ನಮ್ಮ ಕೆಲಸದ ಒಂದು ಕಷ್ಟವನ್ನು ಇಲ್ಲಿ ಹೇಳಬೇಕು. ಸಕ್ಕರೆ ಕಾಯಿಲೆಯವರ ರಕ್ತವನ್ನು ಖಾಲಿ ಹೊಟ್ಟೆಯಲ್ಲಿ ತೆಗೆಯಬೇಕು. ಹಾಗಾಗಿ ಎಲ್ಲರಿಗೂ ಏಳು ಗಂಟೆಗೇ ಬೇಕು. ನಾನು ಒಬ್ಬಳು, ಏಳು ಗಂಟೆಯೂ ಒಂದೇ. ಏಳೂಕಾಲಿನಿಂದ ಫೋನು ಶುರು: "ಎಲ್ಲಿದ್ದೀರಾ ಮೇಡಂ, ಇನ್ನೂ ಕಾಫಿ ಕುಡಿದಿಲ್ಲ." ಕಾಫಿ ಕುಡಿಯದ ಬೆಂಗಳೂರಿನ ಹಿರಿಯರ ದನಿ ಹೇಗಿರುತ್ತದೆ ಎಂದು ಸ್ಯಾಂಪಲ್ ತೆಗೆಯುವವರನ್ನು ಕೇಳಿ. ಅದಕ್ಕೆ ನಾವೆಲ್ಲ ಕಂಡುಕೊಂಡ ಉಪಾಯ, ಫೋನನ್ನು ಹೆಲ್ಮೆಟ್ಟಿನೊಳಗೆ ಕಿವಿಯ ಹತ್ತಿರ ಸಿಕ್ಕಿಸಿಕೊಳ್ಳುವುದು. ಕೈ ಬಿಡುವ ಹಾಗಿಲ್ಲ, ಗಾಡಿ ನಿಲ್ಲಿಸುವ ಹಾಗಿಲ್ಲ. "ಬಂದೆ ಸಾರ್, ಐದೇ ನಿಮಿಷ."

ಅತಿ ಹೆಚ್ಚು ಫೋನ್ ಮಾಡುತ್ತಿದ್ದವರು ಇವರೇ.

ಆ ದಿನ ಮೊದಲಿನ ಮನೆಯಲ್ಲೇ ತಡವಾಗಿತ್ತು. ಸಾರಕ್ಕಿ ಸಿಗ್ನಲ್ ದಾಟಿ ಕನಕಪುರ ರಸ್ತೆಗೆ ತಿರುಗುವಷ್ಟರಲ್ಲಿ ಹೆಲ್ಮೆಟ್ಟಿನೊಳಗೆ ಮೂರನೇ ಸಲ ಫೋನ್ ಬಡಿದುಕೊಂಡಿತು. ಎತ್ತಿದೆ. "ಅಲ್ಲ ಕಣಮ್ಮ, ಏಳೂವರೆ ಆಯ್ತು. ನಿಮ್ಮಾಂಟಿ ಒಗ್ಗರಣೆ ಬೇರೆ ಹಾಕ್ತಾವಳೆ, ವಾಸನೆ ಕುಡ್ಕೊಂಡು ಕೂತಿದೀನಿ ನಾನು." ನಾನು ನಗುತ್ತಾ ಉತ್ತರ ಹೇಳುತ್ತಿದ್ದೆ. ಮುಂದೆ, ಯಲಚೇನಹಳ್ಳಿಗಿಂತ ಮೊದಲಿನ ಸ್ಟಾಪಿನಲ್ಲಿ, ಒಂದು ಬಸ್ಸು ಫುಟ್‌ಪಾತಿನಿಂದ ದೂರಕ್ಕೆ ನಿಂತಿತ್ತು. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಒಂದು ಬೈಕ್ ಹಿಡಿಯುವಷ್ಟು ಸಂದು. ಈ ಊರಿನಲ್ಲಿ ಗಾಡಿ ಓಡಿಸುವವರಿಗೆ ಅದು ಸಂದಿನ ಹಾಗೆ ಕಾಣುವುದೇ ಇಲ್ಲ, ದಾರಿಯ ಹಾಗೆ ಕಾಣುತ್ತದೆ. ನುಗ್ಗಿದೆ.

ಅರ್ಧ ಹೋದ ಮೇಲೆ ಕಂಡಿತು, ಮುಂದೆ ತಳ್ಳುಗಾಡಿಯೊಂದು ಅಡ್ಡ ನಿಂತಿದೆ. ಬ್ರೇಕ್ ಹಿಡಿದೆ. ಅದೇ ಹೊತ್ತಿಗೆ ಬಸ್ಸು ಹೊರಟಿತು, ಹೊರಡುತ್ತಲೇ ಎಡಕ್ಕೆ ವಾಲಿತು. ಬೈಕಿನ ಮುಂದಿನ ಚಕ್ರ ಮರಳಿನಲ್ಲಿ ಜಾರಿ ಅದು ಬಲಕ್ಕೆ, ಬಸ್ಸಿನ ಕಡೆಗೆ ಮಲಗಿತು. ನನ್ನ ಅಂಗೈ ಬಸ್ಸಿನ ತಗಡಿನ ಮೇಲೆ. ತಗಡು ಅಂಗೈಯ ಕೆಳಗೆ ಮುಂದಕ್ಕೆ ಸರಿಯುತ್ತಿತ್ತು. ಹಿಂದಿನಿಂದ ಬಸ್ಸಿನ ಚಕ್ರ ಬರುತ್ತಿತ್ತು.

ಆಗ ಬಸ್ಸಿನೊಳಗಿಂದ ಯಾರೋ ತಗಡಿಗೆ ಅಂಗೈಯಿಂದ ಬಡಿದರು. ಡಬ್ ಡಬ್. "ಹೋಲ್ಡಾನ್ ಹೋಲ್ಡಾನ್ ಹೋಲ್ಡಾನ್."

ಚಕ್ರ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡಿದ್ದ ಜಲ್ಲಿಕಲ್ಲುಗಳನ್ನು ಎಣಿಸಬಹುದಾಗಿತ್ತು.

ಕಂಡಕ್ಟರ್ ಇಳಿದು ಬಂದ. ಮುಖ ಬಿಳಿಚಿಕೊಂಡಿದ್ದರೂ ಬಾಯಿ ಸುಮ್ಮನಿರಲಿಲ್ಲ. "ಸಾಯ್ಲೇಬೇಕು ಅಂದ್ರೆ ಬೇರೆ ಬಸ್ ನೋಡ್ಕೊಳಮ್ಮ, ನಮ್ದಿನ್ನೂ ಫಸ್ಟ್ ಟ್ರಿಪ್ಪು." ಬೈಯುತ್ತಲೇ ಬೈಕ್ ಎತ್ತಿ ನಿಲ್ಲಿಸಿದ, ಬೈಯುತ್ತಲೇ ತನ್ನ ನೀರಿನ ಬಾಟಲಿ ಕೊಟ್ಟ. ಮೈಮೇಲೆ ಒಂದು ಗೀರೂ ಇರಲಿಲ್ಲ. ಐಸ್ ಬಾಕ್ಸಿನ ಟ್ಯೂಬುಗಳೂ ಒಡೆದಿರಲಿಲ್ಲ. ಹೆಲ್ಮೆಟ್ ತೆಗೆದಾಗ ಫೋನ್ ಕೆಳಗೆ ಬಿತ್ತು. ಎತ್ತಿಕೊಂಡು ನೋಡಿದರೆ ಕರೆ ಇನ್ನೂ ನಡೆಯುತ್ತಲೇ ಇತ್ತು. ಕಟ್ ಮಾಡಿದೆ.

ಉಳಿದ ದಾರಿಯನ್ನು ಗಾಡಿ ತಳ್ಳಿಕೊಂಡೇ ಹೋದೆ. ಅವರ ಮನೆಯ ತಿರುವಿನಲ್ಲಿ ನೋಡಿದರೆ ಕುರ್ಚಿ ಖಾಲಿ. ಅವರು ರಸ್ತೆಯ ಮಧ್ಯಕ್ಕೆ ಬಂದು ನಿಂತಿದ್ದರು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

"ಎಡಗಡೆ ಇದ್ದೆ ಅಲ್ವಾ?" ಎಂದು ಕೇಳಿದರು.

ನಾನು ಏನನ್ನೂ ಹೇಳಿರಲಿಲ್ಲ. ಎಲ್ಲವೂ ಅವರಿಗೆ ಕೇಳಿಸಿತ್ತು. ತಗಡಿನ ಮೇಲೆ ಅಂಗೈ ಬಿದ್ದ ಸದ್ದು, ಆ ಮೂರು ಹೋಲ್ಡಾನ್. ಮನೆಯೊಳಗೆ ಕೂತು, ಒಗ್ಗರಣೆಯ ವಾಸನೆಯ ನಡುವೆ, ಫೋನಿನಲ್ಲಿ ಅದನ್ನು ಕೇಳಿದ ಆ ಮನುಷ್ಯನಿಗೆ ನಾನು ಬಸ್ಸಿನ ಯಾವ ಕಡೆ, ಯಾವ ಚಕ್ರದ ಹತ್ತಿರ ಬಿದ್ದಿದ್ದೇನೆಂದು ಗೊತ್ತಾಗಿಹೋಗಿತ್ತು. ಆಮೇಲೆ ನಾನು ಫೋನ್ ಕಟ್ ಮಾಡಿದ್ದೆ. ಅಲ್ಲಿಂದ ನಾನು ತಿರುವಿನಲ್ಲಿ ಕಾಣಿಸುವವರೆಗಿನ ಹೊತ್ತನ್ನು ಅವರು ಹೇಗೆ ಕಳೆದರೋ.

ಒಳಗೆ ಕೂರಿಸಿದರು. ನಾನು ರಬ್ಬರ್ ಪಟ್ಟಿ ತೆಗೆದು ಅವರ ತೋಳಿಗೆ ಕಟ್ಟಲು ಹೋದೆ. ಎರಡು ಸಲ ಕಟ್ಟಿದರೂ ಗಂಟು ಬೀಳಲಿಲ್ಲ.

"ಇಡಮ್ಮ ಅದನ್ನ. ಆ ಕೈಲಿ ಸೂಜಿ ಹಿಡಿದ್ರೆ ನನಗೇ ಆಕ್ಸಿಡೆಂಟ್ ಆಗತ್ತೆ," ಎಂದವರು ಒಳಗೆ ಕೂಗಿದರು: "ಇವಳೇ, ಎರಡು ಕಾಫಿ. ಎರಡಕ್ಕೂ ಸಕ್ಕರೆ ಹಾಕು."

ಆಂಟಿ ಬಾಗಿಲಿಗೆ ಬಂದರು. "ಫಾಸ್ಟಿಂಗು?"

"ಅದು ನಾಳೆ."

ಕಾಫಿ ಕುಡಿಯುತ್ತಿರುವಾಗ ಅಳು ಬಂತು. ನಾನು ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿ, ಗಾಡಿ ಮಾರಿ ಊರಿಗೆ ಬರುತ್ತೇನೆ ಎಂದೆ. ಆ ಕ್ಷಣಕ್ಕೆ ಅದು ನಿಜವಾಗಿತ್ತು. ಅವ್ವ ಎಲ್ಲ ಕೇಳಿ ಒಂದೇ ಮಾತು ಹೇಳಿದಳು: "ಬ್ಯಾಡವಾ ಆ ಕೆಲಸ. ಇವತ್ತ ರಾತ್ರಿ ಬಸ್ಸಿಗೆ ಹತ್ತು." ಅವರು ಕೈ ಚಾಚಿ ಫೋನ್ ಇಸಿದುಕೊಂಡರು.

"ಅಮ್ಮ, ನಮಸ್ಕಾರ. ನಾನು ಬಸ್ ಡ್ರೈವರ್."

ಆ ಕಡೆ ಅವ್ವ ಸಿಡಿದಳು, ನನಗೂ ಕೇಳಿಸಿತು. "ನೀವ ಏನ್ರಿ ನನ್ ಮಗಳ ಮ್ಯಾಲೆ ಬಸ್ ಹಾಯಿಸಾಕ ಹೋಗಿದ್ದು?"

"ಅಯ್ಯೋ ಇಲ್ಲಮ್ಮ. ನಾನು ರಿಟೈರ್ಡು. ನಾನು ಫೋನ್ ಮಾಡಿದೋನು."

"ಅದಕ್ಕಿಂತ ಇದ ಹೆಚ್ಚಾತಲ್ರಿ."

"ಹೌದಮ್ಮ," ಎಂದರು. "ತಪ್ಪು ನಂದೇ. 'ಚಾಲಕರೊಂದಿಗೆ ಮಾತಾಡಬೇಡಿ' ಅಂತ ಬೋರ್ಡ್ ಇರ್ತದಲ್ಲ ಬಸ್ಸಲ್ಲಿ, ಮೂವತ್ತು ವರ್ಷ ಅದರ ಕೆಳಗೆ ಕೂತಿದ್ದೋನು ನಾನು. ಒಂದು ಲೋಟ ಕಾಫಿಗೋಸ್ಕರ ಮರೆತುಬಿಟ್ಟೆ."

ಫೋನ್ ಎತ್ತಿದ್ದು ನಾನು, ಸಂದಿಗೆ ನುಗ್ಗಿದ್ದೂ ನಾನು ಎಂದು ಪಕ್ಕದಿಂದ ಹೇಳಿದೆ. "ನೀನು ಸುಮ್ನಿರು, ದೊಡ್ಡೋರು ಮಾತಾಡ್ತಿದೀವಿ," ಎಂದು ಗದರಿಸಿ ಅವ್ವನಿಗೆ ಹೇಳಿದರು: "ನನಗೆ ಮೂರು ತಿಂಗಳು ಟೈಮ್ ಕೊಡಿ. ಕಲಿಸ್ತೀನಿ. ಆಮೇಲೂ ನನಗೆ ಧೈರ್ಯ ಬರಲಿಲ್ಲ ಅಂದ್ರೆ ನಾನೇ ಮೆಜೆಸ್ಟಿಕ್‌ಗೆ ಬಂದು ನಿಮ್ಮೂರ ಬಸ್ ಹತ್ತಿಸ್ತೀನಿ."

ಅವ್ವ ಒಪ್ಪಿದಳೋ, ಸುಸ್ತಾದಳೋ ಗೊತ್ತಿಲ್ಲ. ಫೋನ್ ಇಟ್ಟ ಮೇಲೆ ಅವರು ನನ್ನ ಕಡೆ ತಿರುಗಿದರು. "ಬಿಡಬೇಕು ಅಂತಿದ್ರೆ ಬಿಡು, ನಿನ್ನಿಷ್ಟ. ಇವತ್ತು ಬಿಡಬೇಡ. ಹೆದರಿ ಬಿಟ್ಟಿದ್ದು ಬಿಟ್ಟಂಗಲ್ಲ, ಅದು ಹಿಂದೆ ಹಿಂದೆನೇ ಬರ್ತದೆ."

ಮಾರನೆಯ ದಿನ ಬೈಕ್ ಬಿಟ್ಟು ಆಟೋದಲ್ಲಿ ಹೋದೆ. ನೋಡಿದರೆ ಹಾಲ್ ಬಸ್ಸಾಗಿತ್ತು. ಮನೆಯಲ್ಲಿದ್ದ ಕುರ್ಚಿಗಳೆಲ್ಲ ಎರಡು ಸಾಲಾಗಿ ನಿಂತಿದ್ದವು. ಮುಂದೆ ಬಲಗಡೆ ಒಂದು ಸ್ಟೂಲು, ಅದರ ಮುಂದೆ ಮೊರ. ಕಿಟಕಿಯ ಸರಳಿಗೆ ಅವರ ಶೇವಿಂಗ್ ಕನ್ನಡಿ ಕಟ್ಟಿದ್ದರು, ಎಡಗಡೆಗೆ. ರಕ್ತ ಕೊಟ್ಟು, ಕಾಫಿ ಕುಡಿದು ಮುಗಿಸಿದ ಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಕೈಗೆ ಮೊರ ಕೊಟ್ಟರು.

"ಇದು ಸ್ಟೇರಿಂಗು. ಕನ್ನಡಿ ನೋಡ್ತಾ ಇರು. ಇವಳೇ, ನೀನು ಬೈಕು. ಹಿಂದಿನಿಂದ ಎಡಗಡೆಗೆ ಬಾ."

ಆಂಟಿ ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿಗಳ ಪಕ್ಕ ನಡೆದು ಬಂದರು. ಕನ್ನಡಿಯಲ್ಲಿ ಮೊದಲು ಕಂಡರು. ಒಂದು ಕುರ್ಚಿ ದಾಟಿದರು, ಇನ್ನೊಂದು ದಾಟಿದರು, ಕನ್ನಡಿಯಿಂದ ಮಾಯವಾದರು. ಅವರ ಬಳೆ ಸದ್ದು ಕೇಳುತ್ತಿದೆ, ಮನುಷ್ಯರಿಲ್ಲ.

"ಕಾಣಿಸ್ತಾಳಾ?"

"ಇಲ್ಲ ಅಂಕಲ್."

"ಮದುವೆ ಆದಾಗಿಂದ ಇವ್ರಿಗೂ ಕಾಣಿಸಿಲ್ಲ ಬಿಡು," ಎಂದರು ಆಂಟಿ, ಎಲ್ಲೋ ಎಡಗಡೆಯಿಂದ.

ಅವರು ನಗಲಿಲ್ಲ. "ನಿನ್ನೆ ನೀನು ಅಲ್ಲಿದ್ದೆ. ಆ ಡ್ರೈವರ್‌ಗೆ ಬೈಕೊಂಡೆ ಅಲ್ವಾ? ಅವನ ಪ್ರಪಂಚದಲ್ಲಿ ನೀನು ಹುಟ್ಟೇ ಇರಲಿಲ್ಲ." ಆಮೇಲೆ ಬಸ್ಸು ಹೊರಡುವುದನ್ನು ಹೇಳಿದರು. ನಿಂತ ಬಸ್ಸಿನ ಡ್ರೈವರ್ ಹೊರಡುವ ಮೊದಲು ಬಲಗಡೆ ನೋಡುತ್ತಾನೆ, ಏಕೆಂದರೆ ಓಡುವ ಗಾಡಿಗಳು ಬರುವುದು ಅಲ್ಲಿಂದ. ಎಡಗಡೆಗೆ ಅವನ ಕಣ್ಣೆಂದರೆ ಕಂಡಕ್ಟರ್. ಕಂಡಕ್ಟರ್ ಟಿಕೆಟ್ ಕೊಡುತ್ತಿದ್ದರೆ ಆ ಕಣ್ಣೂ ಮುಚ್ಚಿದ ಹಾಗೆ. "ನಿಂತ ಬಸ್ಸಿಗೆ ಎಡಗಡೆ ಅನ್ನೋದೇ ಇಲ್ಲ ಅಂತ ತಿಳ್ಕೊ. ಅಲ್ಲಿ ಗೋಡೆ ಇದೆ. ಹಿಂದೆ ನಿಂತ್ಕೊ, ಅದು ಹೋದ ಮೇಲೆ ಹೋಗು. ಎಷ್ಟೊತ್ತು ಆಗತ್ತೆ, ಹತ್ತು ಸೆಕೆಂಡು?"

"ಕೆಲವು ಸಲ ಒಂದು ನಿಮಿಷ ಆಗತ್ತಲ್ರಿ."

"ಆಗ್ಲಿ ಬಿಡು. ಒಂದು ನಿಮಿಷದಲ್ಲಿ ಯಾರ ಸಕ್ಕರೆನೂ ಕಡಿಮೆ ಆಗಲ್ಲ."

ನಾನು ಬಾಯಿ ತಪ್ಪಿ 'ರೀ' ಎಂದಾಗೆಲ್ಲ ಅವರಿಗೆ ಖುಷಿ. "ನಿಮ್ಮ ಕಡೆಯೋರು ಬೈದ್ರೂ ಮರ್ಯಾದೆ ಕೊಟ್ಟಂಗಿರತ್ತೆ. ನಿಮ್ಮಮ್ಮ ನಿನ್ನೆ ನನಗೆ ಎಷ್ಟು ಮರ್ಯಾದೆ ಕೊಟ್ರು ನೋಡು."

ನಾನು ಹೊರಟಾಗ, ಅವರು ಬಾಗಿಲವರೆಗೆ ಬರುವ ಮೊದಲು ಆಂಟಿ ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ ಒಂದು ಮಾತು ಹೇಳಿದರು. ಗಂಡನ ಸರ್ವೀಸಿನಲ್ಲಿ ಅಂಥ ಹೋಲ್ಡಾನ್ ಮೂರು ಸಲ ಬಿದ್ದಿತ್ತಂತೆ. ಎರಡು ಸಲ ಬಸ್ಸು ನಿಂತಿತು. ಮೂರನೆಯದು ತಡವಾಗಿ ಬಿತ್ತು. ವಿಚಾರಣೆಯಲ್ಲಿ ಇವರ ತಪ್ಪಿಲ್ಲ ಎಂದಾಯಿತು. "ಅವರು ಬರೆದುಕೊಟ್ರು, ಇವ್ರು ಒಪ್ಕೊಳ್ಳಲಿಲ್ಲ," ಎಂದರು ಆಂಟಿ. "ನಿನ್ನೆ ಫೋನ್ ಹಿಡ್ಕೊಂಡು ನಿಂತಿದ್ರಲ್ಲ, ಆ ಮುಖ ನಾನು ಆವಾಗ ನೋಡಿದ್ದೆ." ಅದರ ಬಗ್ಗೆ ಅವರು ನನ್ನೊಂದಿಗೆ ಎಂದೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಅಂದಿನಿಂದ ಅವರು ನನಗೆ ಫೋನ್ ಮಾಡುವುದನ್ನೇ ಬಿಟ್ಟರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ಬೀದಿಯಲ್ಲಿ ನನ್ನ ಬಳಿ ರಕ್ತ ಕೊಡುತ್ತಿದ್ದ ಇನ್ನೂ ನಾಲ್ಕೈದು ಮನೆಗಳವರಿಗೂ ಪಾರ್ಕಿನ ವಾಕಿಂಗಿನಲ್ಲಿ ತಾಕೀತು ಮಾಡಿದರು: "ಆ ಹುಡುಗಿ ಗಾಡಿ ಮೇಲಿರ್ತಾಳೆ. ಯಾರೂ ಫೋನ್ ಮಾಡಬಾರದು. ಕಾಫಿ ಇಲ್ದೆ ಯಾರೂ ಸತ್ತಿಲ್ಲ." ಒಬ್ಬರು ತಪ್ಪಿ ಮಾಡಿದ್ದಕ್ಕೆ ಮೂರು ದಿನ ಅವರೊಂದಿಗೆ ಮಾತು ಬಿಟ್ಟಿದ್ದರಂತೆ. ಮಾತು ಬಿಟ್ಟು, ಅವರ ಪಕ್ಕದಲ್ಲೇ ವಾಕಿಂಗ್ ಮಾಡುತ್ತಿದ್ದರಂತೆ.

ಅದು ಎಲ್ಲಿಗೆ ಹೋಯಿತೆಂದರೆ, ಒಂದು ಬೆಳಗ್ಗೆ ದೊಡ್ಡ ಮಳೆ ಬಂದು ರಸ್ತೆಯೆಲ್ಲ ನೀರು. ನಾನು ಅವರ ಮನೆ ತಲುಪಿದಾಗ ಒಂಬತ್ತು ದಾಟಿತ್ತು. ಅವರು ಸೋಫಾದ ಮೇಲೆ ಒರಗಿದ್ದರು, ಹಣೆಯೆಲ್ಲ ಬೆವರು, ಆಂಟಿ ನಾಲಗೆಗೆ ಸಕ್ಕರೆ ಹಾಕುತ್ತಿದ್ದರು. ಇನ್ಸುಲಿನ್ ತೆಗೆದುಕೊಳ್ಳುವ ಮನುಷ್ಯ ಏನೂ ತಿನ್ನದೆ ಅಷ್ಟು ಹೊತ್ತು ಕೂತಿದ್ದರು. "ಫೋನ್ ಮಾಡ್ತೀನಿ ಅಂದೆ, ಕೈಯಿಂದ ಕಿತ್ಕೊಂಡ್ರು ಕಣೇ," ಎಂದು ಆಂಟಿ ಅಳುತ್ತಿದ್ದರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನು ಬೈದೆ. ಜೀವನದಲ್ಲಿ ಅಷ್ಟು ದೊಡ್ಡವರಿಗೆ ಹಾಗೆ ಬೈದದ್ದು ಅದೇ ಮೊದಲು.

"ನನ್ನನ್ನ ಉಳಿಸಾಕ ಹೋಗಿ ನೀವು ಹೋಗಿದ್ರ ಏನ್ ಮಾಡ್ಬೇಕಿತ್ರಿ ನಾನು?"

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು, "ನೀನು ಗಾಡಿ ಮೇಲಿದ್ದೆ. ಮಳೆ ಬೇರೆ."

ಆವತ್ತು ಒಪ್ಪಂದವಾಯಿತು. ತಡವಾದರೆ ನಾನೇ ರಸ್ತೆಯಿಂದ ಆಚೆ ಬಂದು, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಗಾಡಿಯಿಂದ ಇಳಿದು ನಿಂತು ಫೋನ್ ಮಾಡಬೇಕು. ಅವರು ಬಿಸ್ಕತ್ತು ತಿನ್ನಬೇಕು. ಟೆಸ್ಟು ಮಾರನೆಯ ದಿನ. ಆ ಮೇಲೆ ನಾನು ಎಲ್ಲ ಮನೆಗಳಿಗೂ ಇದನ್ನೇ ಮಾಡಿದೆ. ಮೊದಲ ವಾರ ಲ್ಯಾಬಿನಲ್ಲಿ ನನ್ನ ಮೇಲೆ ದೂರು ಬಂತು. ಆಮೇಲೆ ಅದೂ ನಿಂತಿತು. ಜನ ಕಾಯುತ್ತಾರೆ, ಎಲ್ಲಿದ್ದಾಳೆ ಎಂದು ಗೊತ್ತಾದರೆ ಸಾಕು.

ಮೂರು ತಿಂಗಳ ಗಡುವಿನ ವಿಷಯಕ್ಕೆ ಬರುತ್ತೇನೆ. ತಿಂಗಳಿಗೊಮ್ಮೆ ಅವರ ರಕ್ತ ತೆಗೆಯಲು ಹೋಗುವೆನಲ್ಲ, ಸೂಜಿ ಚುಚ್ಚುವ ಮೊದಲು ಅವರು ಕೇಳುತ್ತಿದ್ದರು: "ಹೆಂಗ್ ಬಂದೆ, ಹೇಳು." ಮೊದಲ ಸಲ ನಾನು, ಬಿಟಿಎಂ, ಜಯದೇವ, ಡೆಲ್ಮಿಯಾ, ಸಾರಕ್ಕಿ ಎಂದೆ. "ಅದನ್ನ ಫೋನ್ ಮ್ಯಾಪೇ ಹೇಳತ್ತೆ. ನೀನು ಏನು ನೋಡ್ದೆ?" ಏನೂ ನೋಡಿರಲಿಲ್ಲ. ಅಷ್ಟು ದೂರ ಬಂದಿದ್ದೇನೆ, ಹೇಳಲು ಒಂದೂ ಇಲ್ಲ. ನಿಜಕ್ಕೂ ಅದೇ ನನಗೆ ಆ ಚಕ್ರಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಮುಂದಿನ ತಿಂಗಳಿನಿಂದ ಅವರಿಗೆ ಹೇಳಬೇಕಲ್ಲ ಎಂದು ನೋಡಲು ಶುರು ಮಾಡಿದೆ. ನಿಂತ ಕಾರಿನ ಡ್ರೈವರ್ ಸೀಟಿನಲ್ಲಿ ತಲೆ ಕಂಡರೆ ಬಾಗಿಲು ತೆರೆಯಬಹುದು. ಶಾಲೆಯ ವ್ಯಾನಿನ ಹಿಂದೆ ಅಮ್ಮಂದಿರು ಓಡಿ ಬರುತ್ತಾರೆ. ಆಟೋದವನು ಇಂಡಿಕೇಟರ್ ಹಾಕುವುದಿಲ್ಲ, ಆದರೆ ತಿರುಗುವ ಮೊದಲು ಅವನ ಭುಜ ತಿರುಗುತ್ತದೆ. ಈ ಭುಜದ ವಿಷಯ ಹೇಳಿದ ದಿನ ಅವರು ಸೂಜಿಯನ್ನು ಮರೆತು ಎದ್ದು ಕೂತರು. "ಯಾರು ಹೇಳಿಕೊಟ್ರು ಇದನ್ನ?" "ಯಾರೂ ಇಲ್ಲ ಅಂಕಲ್, ನಾನೇ ನೋಡಿದ್ದು." ಹೊಗಳಲಿಲ್ಲ. "ಹ್ಞೂಂ," ಎಂದರು. ಆಂಟಿಯ ಪ್ರಕಾರ ಅವರ ಬಾಯಿಂದ ಅಂಥ ಹ್ಞೂಂ ಪಡೆಯಲು ತಮಗೇ ಹನ್ನೆರಡು ವರ್ಷ ಹಿಡಿದಿತ್ತು.

ಸುಳ್ಳು ಹೇಳಿದರೆ ಹಿಡಿಯುತ್ತಿದ್ದರು. ಒಮ್ಮೆ ಹಾರ್ನ್ ಮಾಡಿ ಒಬ್ಬ ಮುದುಕನನ್ನು ಹೆದರಿಸಿದ್ದೆ, ಹೇಳದೆ ದಾಟಿಸಿದೆ. "ಮಧ್ಯೆ ಏನೋ ಬಿಟ್ಟೆ," ಎಂದರು. ಒಪ್ಪಿಕೊಂಡಾಗ ಬೈಯಲಿಲ್ಲ. "ಹಾರ್ನ್ ಅಂದ್ರೆ ಬಾಗಿಲು ತಟ್ಟಿದಂಗೆ ಇರ್ಬೇಕು ಕಣಮ್ಮ. ಒದ್ದಂಗಲ್ಲ."

ಮೂರು ತಿಂಗಳಾದಾಗ ಅವ್ವ ಅವರಿಗೆ ಫೋನ್ ಮಾಡಿದಳು. "ಏನಾತ್ರಿ ನಮ್ ಹುಡುಗಿ ಪರೀಕ್ಷಾ?" ಅವರು ಗಂಟಲು ಸರಿಮಾಡಿಕೊಂಡು, "ಪರವಾಗಿಲ್ಲಮ್ಮ. ಆದ್ರೆ ಇನ್ನೊಂದು ಮೂರು ತಿಂಗಳು ನೋಡ್ತೀನಿ," ಎಂದರು. ಅದಾದ ಮೇಲೆ ಇನ್ನೊಂದು ಮೂರು. ಹೀಗೆ ಎರಡು ವರ್ಷ. ಪಾಸೂ ಇಲ್ಲ, ಫೇಲೂ ಇಲ್ಲ. ಆ ನೆಪದಲ್ಲಿ ಮೂರು ತಿಂಗಳಿಗೊಮ್ಮೆ ಇಬ್ಬರೂ ಮಳೆ, ಬೆಳೆ, ಸಕ್ಕರೆ, ಮೊಣಕಾಲು ಎಲ್ಲ ಮಾತಾಡುವುದು ಅಭ್ಯಾಸವಾಗಿತ್ತು. ಒಬ್ಬರನ್ನೊಬ್ಬರು ನೋಡಿದವರಲ್ಲ. ಅವ್ವ ಊರಿಗೆ ಬಾ ಎನ್ನುವುದನ್ನು ಯಾವಾಗ ನಿಲ್ಲಿಸಿದಳು ಎಂದು ನನಗೆ ಗೊತ್ತೇ ಆಗಲಿಲ್ಲ.

ಈ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ತಿಂಗಳಿಗೊಮ್ಮೆ ಹೋಗುತ್ತಿದ್ದವಳು ವಾರಕ್ಕೊಮ್ಮೆ ಹೋಗತೊಡಗಿದೆ. ರಿಪೋರ್ಟಿನ ಅಂಕಿಗಳನ್ನು ನಾನು ಅವರಿಗಿಂತ ಮೊದಲು ನೋಡುತ್ತಿದ್ದೆ. ಅವರು ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ಗೇಟಿನ ಪಕ್ಕದ ಕುರ್ಚಿಯನ್ನು ಆಂಟಿ ಒಳಗೆ ತಂದಿಟ್ಟರು. ಆ ಕಪ್ಪು ಬಲಗೈ ತೆಳ್ಳಗಾಗಿ ಬಣ್ಣ ಬಿಡುತ್ತಾ ಬಂತು.

ಕೊನೆಯ ಸಲ ಹೋದಾಗ ಅವರಿಗೆ ಎದ್ದು ಕೂರಲು ಆಗಲಿಲ್ಲ. ಎಡಗೈಯಲ್ಲೂ ನರ ಸಿಗಲಿಲ್ಲ. ಎರಡು ಕಡೆ ಚುಚ್ಚಿ ಕ್ಷಮಿಸಿ ಅಂಕಲ್ ಎಂದೆ. "ಪರವಾಗಿಲ್ಲ, ದಾರಿ ಗೊತ್ತಿಲ್ದಿದ್ರೆ ನಿಧಾನಕ್ಕೆ ಹೋಗ್ಬೇಕು, ಅಷ್ಟೇ," ಎಂದರು. ಮೂರನೆಯ ಸಲ ಸಿಕ್ಕಿತು. ಹತ್ತಿ ಒತ್ತಿ ಹಿಡಿದಾಗ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಹೆಂಗ್ ಬಂದೆ?"

ಹೇಳುತ್ತಾ ಹೋದೆ. ರೂಮಿನಿಂದ ಹೊರಟಾಗ ರಸ್ತೆ ಒದ್ದೆ ಇತ್ತು, ಮುಂದಿನ ಬ್ರೇಕ್ ಒಂದು ಸಲ ಹಿಡಿದು ನೋಡಿದೆ. ಜಯದೇವದ ಹತ್ತಿರ ಆಂಬುಲೆನ್ಸ್‌ಗೆ ಜಾಗ ಬಿಟ್ಟೆ, ಅದರ ಹಿಂದೆಯೇ ನುಗ್ಗಲು ಬಂದ ಕಾರಿಗೂ ಬಿಟ್ಟೆ. ಡೆಲ್ಮಿಯಾ ಸಿಗ್ನಲ್ಲಿನಲ್ಲಿ ಹಳದಿ ದೀಪ ಬಿತ್ತು ಎಂದಾಗ, ಹೊದಿಕೆಯ ಕೆಳಗೆ ಅವರ ಬಲಗಾಲು ಮೆಲ್ಲಗೆ ಒತ್ತಿತು. ನಾನು ಅದನ್ನೇ ನೋಡುತ್ತಾ ಕೂತೆ. ಹಸಿರು ಬಿತ್ತು ಅಂಕಲ್ ಎಂದೆ. ಕಾಲು ಸಡಿಲವಾಯಿತು. ಉಸಿರು ಉದ್ದವಾಗಿತ್ತು, ನಿದ್ದೆ ಬಂದಿತ್ತು. ಆ ದಿನ ನಾವು ಸಾರಕ್ಕಿಯವರೆಗೆ ಹೋಗಲೇ ಇಲ್ಲ.

ಮೂರು ದಿನಗಳ ನಂತರ ಆಂಟಿ ಫೋನ್ ಮಾಡಿದ್ದರು. ನಾನು ಗಾಡಿಯ ಮೇಲಿದ್ದೆ, ಎತ್ತಲಿಲ್ಲ. ಗಾಡಿ ನಿಲ್ಲಿಸಿ, ಇಳಿದು, ತಿರುಗಿ ಮಾಡಿದಾಗ ಅವರು ಮೊದಲು ಕೇಳಿದ್ದು, "ನಿಂತಿದೀಯಾ?" ಎಂದು. ನಿಂತಿದ್ದೇನೆ ಎಂದ ಮೇಲೆ ವಿಷಯ ಹೇಳಿದರು.

ಮಣ್ಣು ಮುಗಿಸಿ ರೂಮಿಗೆ ಬಂದು ಅವ್ವನಿಗೆ ಹೇಳಿದೆ. ಮುಖ ನೋಡದ ಮನುಷ್ಯನಿಗಾಗಿ ಅಳುವುದು ಹೇಗೆ ಎಂದು ಅವಳಿಗೂ ಗೊತ್ತಾಗಲಿಲ್ಲವೇನೋ.

"ಪಾಸ್ ಅಂತ ಅನ್ನಲಿಲ್ಲಲ್ಲ ಅವರು," ಎಂದಳು.

"ಇಲ್ಲ."

"ಇನ್ನ ಮೂರ ತಿಂಗಳಿಗೊಮ್ಮಿ ನಾ ಯಾರಿಗೆ ಕೇಳ್ಲಿ?"

ಅವ್ವ ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ ಅವಳೇ, "ಇವತ್ತ ಕೋಣನಕುಂಟಿಗೆ ಹೆಂಗ ಹೋದಿ, ಅದನ್ನರ ಹೇಳು," ಎಂದಳು.

ಬೆಂಗಳೂರನ್ನು ಎಂದೂ ನೋಡದ ನನ್ನ ಅವ್ವನಿಗೆ ಮೊದಲಿನಿಂದ ಹೇಳಿದೆ. ಅಲ್ಲಲ್ಲಿ ನಿಲ್ಲಿಸಿ ಕೇಳುತ್ತಿದ್ದಳು, ಸಿಗ್ನಲ್ ಅಂದ್ರ ಅಲ್ಲಿ ಪೊಲೀಸ್ ಇರ್ತಾರೇನ, ಮೆಟ್ರೊ ಕಂಬ ಯಾಕ ಅದಾವ ರಸ್ತಾದಾಗ. ಸಾರಕ್ಕಿ ದಾಟಿ ಕನಕಪುರ ರಸ್ತೆಗೆ ತಿರುಗಿದೆ, ಸ್ಟಾಪಿನಲ್ಲಿ ಬಸ್ಸು ನಿಂತಿತ್ತು ಎಂದೆ.

"ಅದ ಜಾಗಾನ?"

"ಹೌದವ್ವ, ಅದ ಜಾಗ. ಎಡಕ್ಕ ಸಂದಿ ಇತ್ತು."

"ಆಮ್ಯಾಲೆ?"

"ಹಿಂದ ನಿಂತೆ."

"ತಡ ಆಗಿತ್ತಲ್ಲ ನಿನಗ, ಮಣ್ಣಿಗೆ ಹೋಗೋದು."

"ಆಗಿತ್ತು. ಬಸ್ ಹೋಗೋ ತನಕ ನಿಂತೆ."

"ಹ್ಞಾಂ," ಎಂದಳು ಅವ್ವ. "ಮುಂದ ಹೇಳು."